ಸೆಟ್ಟಿಂಗ್ಸ್ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡಿಸಲೇಬೇಕೇ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಕೆಲವು ದಿನಗಳಿಂದ ಸೆಟ್ಟಿಂಗ್ಸ್ ತೆರೆಯುತ್ತಿಲ್ಲ. ಗಿಯರ್ ಚಿತ್ರ ಒತ್ತಿದರೆ ಒಂದು ವಿಂಡೋ ಬಂದ ಹಾಗೆ ಆಗಿ ಮಾಯವಾಗುತ್ತದೆ. ಎರರ್ ಏನೂ ತೋರಿಸುವುದಿಲ್ಲ. ಹಳೆಯ ಕಂಟ್ರೋಲ್ ಪ್ಯಾನೆಲ್ ಮಾತ್ರ ತೆರೆಯುತ್ತದೆ. ಇದಕ್ಕೆ ಸ್ವಲ್ಪ ಮುಂಚೆ ಅಕ್ಕನ ಮಗ ಸ್ಪೀಡ್ ಆಗಲಿ ಅಂತ ಒಂದು ಫ್ರೀ ಕ್ಲೀನರ್ ಹಾಕಿಕೊಟ್ಟಿದ್ದ. ಯೂಟ್ಯೂಬ್ ನೋಡಿ ಪವರ್‌ಶೆಲ್‌ನಲ್ಲಿ ಒಂದು ಉದ್ದದ ಕಮಾಂಡ್ ಹಾಕಿದೆ. ಸಾಲುಸಾಲು ಕೆಂಪಕ್ಷರ ಬಂತು, ಹೆದರಿ ಮುಚ್ಚಿಬಿಟ್ಟೆ. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಅನ್ನುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲೇ ಇವೆ. ಕನ್ನಡ ಕೀಬೋರ್ಡ್ ಸೇರಿಸಬೇಕಿತ್ತು, ಅದೂ ನಿಂತಿದೆ. ಏನು ಮಾಡಲಿ?

ಉತ್ತರ: ಮೇಡಂ, ಸದ್ಯಕ್ಕೆ ಫಾರ್ಮ್ಯಾಟ್ ಬೇಡ. ಅಂಗಡಿಯವರು ಹಾಗೆ ಹೇಳುವುದರಲ್ಲಿ ಮೋಸವೇನೂ ಇಲ್ಲ. ಹುಡುಕಿ ರಿಪೇರಿ ಮಾಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಲಾಗದು, ಫಾರ್ಮ್ಯಾಟ್‌ಗೆ ಹೇಳಬಹುದು. ಅಷ್ಟೇ ಅವರ ಲೆಕ್ಕ. ಆದರೆ ಸಮಯ ನಿಮ್ಮದು, ಪ್ರಶ್ನೆಪತ್ರಿಕೆಗಳೂ ನಿಮ್ಮವು. ಏನೇ ಶುರು ಮಾಡುವ ಮುಂಚೆ ಆ ಫೋಲ್ಡರ್‌ಗಳನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ತೆಗೆದಿಡಿ. ಆಮೇಲೆ ಧೈರ್ಯವಾಗಿ ಕೆಲಸ ಮಾಡಬಹುದು.

ನೀವು ಬರೆದಿರುವುದರಲ್ಲೇ ಅರ್ಧ ಉತ್ತರವಿದೆ. ಕಂಟ್ರೋಲ್ ಪ್ಯಾನೆಲ್ ತೆರೆಯುತ್ತದೆ ಅಂದಿರಿ. ಆಫೀಸು, ಕಾಲೇಜು ಲ್ಯಾಬ್‌ಗಳಲ್ಲಿ ಅಡ್ಮಿನ್ ಬೇಕೆಂದೇ ಸೆಟ್ಟಿಂಗ್ಸ್ ಬಂದ್ ಮಾಡುವುದುಂಟು. ಆ ನಿರ್ಬಂಧ ಹಾಕಿದರೆ ಕಂಟ್ರೋಲ್ ಪ್ಯಾನೆಲ್ ಕೂಡ ಜೊತೆಗೇ ಮುಚ್ಚಿಹೋಗುತ್ತದೆ. ನಿಮ್ಮದು ತೆರೆಯುತ್ತಿರುವುದರಿಂದ ಅದಲ್ಲ. ಹಾಗಾಗಿ ವಿಂಡೋಸ್ ತನ್ನ ಒಳಗಿನ ಹೊಂದಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಗೆ ಹೋಗಿ ಅದನ್ನು ಅಳಿಸಿ, ಇದನ್ನು ಸೊನ್ನೆ ಮಾಡಿ ಅನ್ನುವ ಸಲಹೆಗಳನ್ನೆಲ್ಲ ಬಿಡಿ.

ಎರಡನೆಯದು, ವಿಂಡೋ ಬಂದು ಮಾಯವಾಗುತ್ತದೆ ಅಂದಿರಿ. ಕೆಳಗಿನ ಪಟ್ಟಿಯಲ್ಲಿ ಗಿಯರ್ ಚಿತ್ರ ಉಳಿದುಕೊಂಡು, ವಿಂಡೋ ಮಾತ್ರ ಕಾಣದಿದ್ದರೆ ಅದು ಬೇರೆ ಕಥೆ. ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿ ಬಿಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಗುತ್ತಿರುತ್ತದೆ. ವಿಂಡೋ ತೆರೆದೇ ಇರುತ್ತದೆ, ಆದರೆ ಈಗ ಇಲ್ಲದ ಆ ಎರಡನೇ ಪರದೆಯ ಮೇಲೆ. ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ, ಮೊದಲ ಆಯ್ಕೆ 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿದರೆ ವಾಪಸ್ ಬರುತ್ತದೆ. ನಿಮ್ಮದು ಇದಿರಲಿಕ್ಕಿಲ್ಲ. ಆದರೂ ಒಮ್ಮೆ ಒತ್ತಿ ನೋಡಿ, ಖರ್ಚೇನಿಲ್ಲ.

ಇನ್ನು ರೀಸ್ಟಾರ್ಟ್. 'ದಿನಾ ಆಫ್ ಮಾಡಿ ಆನ್ ಮಾಡ್ತೀನಲ್ಲ' ಅನ್ನಬೇಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್‌ನ ಒಳಭಾಗ ಪೂರ್ತಿ ಆರುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಕಣ್ಣಾರೆ ನೋಡಬೇಕಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಸಿಪಿಯು. ಕೆಳಗೆ 'ಅಪ್ ಟೈಮ್' ಅಂತ ಇರುತ್ತದೆ. ನಿನ್ನೆ ರಾತ್ರಿ ಆಫ್ ಮಾಡಿದ ಲ್ಯಾಪ್‌ಟಾಪ್‌ನಲ್ಲಿ ಅಲ್ಲಿ ಎಷ್ಟೋ ದಿನಗಳ ಲೆಕ್ಕ ಕಾಣಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಅದು ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಅಪ್‌ಡೇಟ್ ಬಾಕಿ ಇದ್ದರೆ ಅದೂ ಮುಗಿಯಲಿ. ಜೊತೆಗೆ ಸಿ ಡ್ರೈವ್‌ನಲ್ಲಿ ಜಾಗ ಇದೆಯೇ ನೋಡಿಕೊಳ್ಳಿ. ಪೂರ್ತಿ ತುಂಬಿದ್ದರೆ ಏನು ಮಾಡಿದರೂ ವ್ಯರ್ಥ.

ರೀಸ್ಟಾರ್ಟ್ ಆದ ಮೇಲೂ ಹಾಗೇ ಇದೆಯಾ? ಹಾಗಾದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ದೋಷ ನಿಮ್ಮ ಅಕೌಂಟ್‌ನಲ್ಲಿದೆಯೋ, ಇಡೀ ಯಂತ್ರದಲ್ಲಿದೆಯೋ? ಮನೆಗೆಲ್ಲ ಕರೆಂಟ್ ಹೋಗಿದೆಯೋ, ನಮ್ಮ ರೂಮಿನ ಬಲ್ಬ್ ಮಾತ್ರ ಹೋಗಿದೆಯೋ ಅಂತ ಮೊದಲು ನೋಡುತ್ತೇವಲ್ಲ, ಹಾಗೆ. ಯೂಟ್ಯೂಬ್ ವಿಡಿಯೊಗಳಲ್ಲಿ ನನಗೆ ಬೇಜಾರಾಗುವುದೇ ಇಲ್ಲಿ. ಈ ಪ್ರಶ್ನೆ ಕೇಳದೆ ಎರಡೂ ಕಡೆಯ ಮದ್ದನ್ನು ಒಂದಾದ ಮೇಲೊಂದು ಕುಡಿಸುತ್ತಾರೆ.

ಪರೀಕ್ಷೆ ಸುಲಭ. ಇನ್ನೊಂದು ಅಕೌಂಟ್ ಮಾಡಿ, ಅದರಲ್ಲಿ ಸೆಟ್ಟಿಂಗ್ಸ್ ತೆರೆಯುತ್ತದಾ ನೋಡಿ. ಅಕೌಂಟ್ ಮಾಡಲು ಸೆಟ್ಟಿಂಗ್ಸೇ ಬೇಕಲ್ಲ ಅಂದರೆ, ಬೇಕಿಲ್ಲ. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ. ಎಡಗಡೆ ಕೆಳಗೆ 'ರನ್' ಅನ್ನುವ ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್ ಅಂತ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಬಳಕೆದಾರರ ಪಟ್ಟಿ ಬರುತ್ತದೆ. 'ಆ್ಯಡ್' ಒತ್ತಿದರೆ ಇಮೇಲ್ ಕೇಳುತ್ತದೆ. ಕೊಡಬೇಡಿ. ಅಲ್ಲೇ ಕೆಳಗೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೈನ್ ಇನ್ ಆಗುವ ಆಯ್ಕೆ ಸಣ್ಣಕ್ಷರದಲ್ಲಿರುತ್ತದೆ. 'ನಾಟ್ ರೆಕಮೆಂಡೆಡ್' ಅಂತ ಪಕ್ಕದಲ್ಲೇ ಬರೆದು ಹೆದರಿಸುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಮುಂದೆ 'ಲೋಕಲ್ ಅಕೌಂಟ್' ಆರಿಸಿ, ಒಂದು ಹೆಸರು ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೂ ನಡೆಯುತ್ತದೆ.

ಈಗ ನಿಮ್ಮ ಅಕೌಂಟ್‌ನಿಂದ ಸೈನ್ ಔಟ್ ಆಗಿ ಹೊಸದಕ್ಕೆ ಹೋಗಿ. ಮೊದಲ ಸಲ ಒಳಗೆ ಬಿಡಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪ್ ಬಂದ ಮೇಲೆ ವಿಂಡೋಸ್ ಕೀಲಿ ಜೊತೆ ಐ ಒತ್ತಿ. ಸ್ಟಾರ್ಟ್ ಮೆನು ಬದಲು ಈ ಕೀಲಿಗಳನ್ನೇ ಬಳಸಿ, ಯಾಕೆಂದರೆ ಸ್ಟಾರ್ಟ್ ಮೆನುವೇ ಕೆಟ್ಟಿರುವ ಸಾಧ್ಯತೆಯೂ ಹೀಗೆ ಬೇರೆಯಾಗುತ್ತದೆ.

ಹೊಸ ಅಕೌಂಟ್‌ನಲ್ಲಿ ಸೆಟ್ಟಿಂಗ್ಸ್ ತೆರೆಯಿತು ಅನ್ನೋಣ. ಒಳ್ಳೇ ಸುದ್ದಿ. ವಿಂಡೋಸ್ ಚೆನ್ನಾಗಿದೆ, ನಿಮ್ಮ ಪ್ರೊಫೈಲ್‌ನಲ್ಲಿ, ಅಂದರೆ ನಿಮ್ಮ ಅಕೌಂಟ್‌ನ ಸ್ವಂತ ಫೈಲ್ ಮತ್ತು ಹೊಂದಿಕೆಗಳಲ್ಲಿ, ಏನೋ ಕೆಟ್ಟಿದೆ. ಸೆಟ್ಟಿಂಗ್ಸ್ ಅನ್ನುವುದು ಕಂಟ್ರೋಲ್ ಪ್ಯಾನೆಲ್ ತರಹ ಹಳೆಯ ಕಾಲದ ಪ್ರೋಗ್ರಾಂ ಅಲ್ಲ. ಅದೂ ಒಂದು ಆ್ಯಪ್. ಪ್ರತಿ ಅಕೌಂಟ್‌ಗೂ ಅದರ ಡೇಟಾ ಬೇರೆಬೇರೆ. ಕ್ಲೀನರ್‌ಗಳು ಕಸ ಅಂದುಕೊಂಡು ಗುಡಿಸುವುದು ಇಂಥ ಡೇಟಾವನ್ನೇ. ಕಂಟ್ರೋಲ್ ಪ್ಯಾನೆಲ್ ಸರಿಯಾಗಿದ್ದು ಇದೊಂದೇ ಕೆಡುವುದು ಈ ಕಾರಣಕ್ಕೇ.

ಆಗ ಮಾಡಬೇಕಾದದ್ದು ಸೆಟ್ಟಿಂಗ್ಸ್ ಆ್ಯಪನ್ನು ರೀಸೆಟ್ ಮಾಡುವುದು. ನಿಮ್ಮ ಹಳೆಯ ಅಕೌಂಟ್‌ಗೆ ವಾಪಸ್ ಬನ್ನಿ. ವಿಂಡೋಸ್ ಕೀಲಿ ಜೊತೆ ಎಕ್ಸ್ ಒತ್ತಿ, 'ಟರ್ಮಿನಲ್ ಅಡ್ಮಿನ್' ಆರಿಸಿ, ಅನುಮತಿ ಕೇಳಿದರೆ ಯೆಸ್ ಕೊಡಿ. ಕಮಾಂಡನ್ನು ಫೋನಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳುತ್ತೇನೆ, ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಮೊದಲು 'ಗೆಟ್', ಹೈಫನ್, 'ಆ್ಯಪ್ಎಕ್ಸ್‌ಪ್ಯಾಕೇಜ್'. ಅದರಲ್ಲಿ ಎ, ಪಿ, ಪಿ, ಎಕ್ಸ್ ಆದ ಮೇಲೆ ಜಾಗ ಬಿಡದೆ 'ಪ್ಯಾಕೇಜ್' ಬರಬೇಕು. ಒಂದು ಸ್ಪೇಸ್. ಒಂದು ನಕ್ಷತ್ರ, 'ಇಮ್ಮರ್ಸಿವ್', 'ಕಂಟ್ರೋಲ್', 'ಪ್ಯಾನೆಲ್' ಮೂರೂ ಕೂಡಿಸಿ, ಮತ್ತೊಂದು ನಕ್ಷತ್ರ. ಸ್ಪೇಸ್. ನಿಂತ ಗೆರೆ, ಅಂದರೆ ಎಂಟರ್ ಮೇಲಿನ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದಾಗ ಬರುವುದು. ಸ್ಪೇಸ್. ಕೊನೆಗೆ 'ರೀಸೆಟ್', ಹೈಫನ್, ಮತ್ತೆ ಅದೇ 'ಆ್ಯಪ್ಎಕ್ಸ್‌ಪ್ಯಾಕೇಜ್'. ಎಂಟರ್.

ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ವೈಫೈ ಪಾಸ್‌ವರ್ಡ್, ವಾಲ್‌ಪೇಪರ್ ಏನೂ ಹೋಗುವುದಿಲ್ಲ. ಆ್ಯಪ್‌ನ ಸ್ವಂತ ಡೇಟಾ ಮಾತ್ರ ಹೊಸದಾಗುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ನೀವು ಹಾಕಿದ ಉದ್ದದ ಕಮಾಂಡ್ ಬಹುಶಃ ಎಲ್ಲಾ ಆ್ಯಪ್‌ಗಳನ್ನೂ ಮತ್ತೆ ನೋಂದಾಯಿಸುವಂಥದ್ದು. ಅದು ತುಂಬಾ ಹಳೆಯ ಮದ್ದು, ವಿಂಡೋಸ್ 10 ಬಂದ 2015ರಿಂದ ಚಾಲ್ತಿಯಲ್ಲಿದೆ. ಆ ಹೊಸದರಲ್ಲಿ ಕೆಲವರಿಗೆ ಸೆಟ್ಟಿಂಗ್ಸ್ ಒತ್ತಿದರೆ ಸ್ಟೋರ್ ತೆರೆಯುವ ದೋಷವೂ ಇತ್ತು, ಆಗ ಇಂಥವು ಜನಪ್ರಿಯವಾದವು. ಕೆಂಪಕ್ಷರ ನೋಡಿ ಗಾಬರಿಯಾಗಬೇಕಿಲ್ಲ. ಓಡುತ್ತಿರುವ ಆ್ಯಪನ್ನು ಮುಟ್ಟಲಾಗುತ್ತಿಲ್ಲ, ಇದಕ್ಕಿಂತ ಹೊಸದು ಆಗಲೇ ಇದೆ ಅನ್ನುವಂಥ ದೂರುಗಳೇ ಅದರಲ್ಲಿ ಜಾಸ್ತಿ. ಅದರಿಂದ ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಆದರೆ ಒಂದು ಆ್ಯಪ್ ಕೆಟ್ಟಿದ್ದಕ್ಕೆ ಎಲ್ಲವನ್ನೂ ಅಲ್ಲಾಡಿಸುವ ಕೆಲಸ ಅದು. ಇನ್ನೊಮ್ಮೆ ಬೇಡ.

ರೀಸೆಟ್‌ಗೂ ಬಗ್ಗಲಿಲ್ಲ, ಹೊಸ ಅಕೌಂಟ್‌ನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಅಂದರೆ ಸುಮ್ನೆ ಹೊಸ ಅಕೌಂಟ್‌ಗೇ ಮನೆ ಬದಲಾಯಿಸಿ. ಕೆಟ್ಟ ಪ್ರೊಫೈಲನ್ನು ಸರಿ ಮಾಡಲು ಕೂರುವುದಕ್ಕಿಂತ ಇದು ಬೇಗ ಆಗುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇಷ್ಟನ್ನು ಕಾಪಿ ಮಾಡಿ. ಬಚ್ಚಿಟ್ಟಿರುವ 'ಆ್ಯಪ್‌ಡೇಟಾ' ಫೋಲ್ಡರ್ ಪೂರ್ತಿ ಎತ್ತಿಕೊಂಡು ಹೋಗಬೇಡಿ, ರೋಗವೂ ಜೊತೆಗೇ ಬರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಮೊದಲೇ ಸಿಂಕ್ ಮಾಡಿಕೊಳ್ಳಿ. ಹೊಸ ಅಕೌಂಟ್ ಸಾಮಾನ್ಯ ಬಳಕೆದಾರರದ್ದಾಗಿರುತ್ತದೆ. ಮೊದಲಿನ ಆ ಬಳಕೆದಾರರ ಪಟ್ಟಿಯಲ್ಲೇ 'ಪ್ರಾಪರ್ಟೀಸ್' ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಬಹುದು.

ಇಲ್ಲಿ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಬರುವ ಒಂದು ತಾಪತ್ರಯವಿದೆ. ನಿಮ್ಮ ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟ್‌ಗಳಲ್ಲಿದ್ದರೆ, ಹೊಸ ಅಕೌಂಟ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣಬಹುದು. ಫೈಲ್ ಹಾಳಾಯಿತು ಅಂತ ಅಳಬೇಡಿ. ಈಗಿನ ವಿಂಡೋಸ್‌ನಲ್ಲಿ ಫಾಂಟ್ ಫೈಲ್ ಮೇಲೆ ಎರಡು ಸಲ ಒತ್ತಿ 'ಇನ್‌ಸ್ಟಾಲ್' ಕೊಟ್ಟರೆ ಅದು ಆ ಒಂದು ಅಕೌಂಟ್‌ಗೆ ಮಾತ್ರ ಸೇರುತ್ತದೆ. ಹಳೆಯ ಅಕೌಂಟ್‌ನಲ್ಲಿ ನೀವು ಹಾಗೆ ಸೇರಿಸಿದ್ದರೆ ಹೊಸದರಲ್ಲಿ ಅದು ಇರುವುದಿಲ್ಲ, ಅಷ್ಟೇ. ಫಾಂಟ್ ಫೈಲ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಅಕ್ಷರಗಳು ವಾಪಸ್ ಬರುತ್ತವೆ. ನೆಟ್ಟಗೆ ಫಾರ್ಮ್ಯಾಟ್ ಮಾಡಿಸಿದ್ದರೂ ಇದೇ ಆಗುತ್ತಿತ್ತು. ಆಗ ಫಾಂಟ್ ಫೈಲ್ ಎಲ್ಲಿಂದ ತರುವುದು ಅಂತ ಹುಡುಕಾಟ ಬೇರೆ. ಹಾಗಾಗಿ ಪೆನ್‌ಡ್ರೈವ್‌ಗೆ ಫಾಂಟ್‌ಗಳನ್ನೂ ಹಾಕಿಟ್ಟುಕೊಳ್ಳಿ.

ಕೀಬೋರ್ಡ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾಷೆ ಸೇರಿಸುವುದು ಸೆಟ್ಟಿಂಗ್ಸ್‌ನ 'ಟೈಮ್ ಅಂಡ್ ಲ್ಯಾಂಗ್ವೇಜ್' ಒಳಗೆ, ಮತ್ತು ಅದು ಕೂಡ ಅಕೌಂಟ್ ಅಕೌಂಟ್‌ಗೆ ಬೇರೆ. ಪರೀಕ್ಷೆಗೆ ಮಾಡಿದ ಅಕೌಂಟ್‌ನಲ್ಲಿ ಸೇರಿಸಿದರೆ ನಿಮ್ಮದರಲ್ಲಿ ಕಾಣುವುದಿಲ್ಲ. ಇಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಆವೃತ್ತಿ ಇರುತ್ತದೆ. ಹೆಸರು ನೋಡಿ ಕನ್ನಡ ಬರುವುದಿಲ್ಲವೇನೋ ಅಂದುಕೊಳ್ಳುತ್ತಾರೆ. ಮೆನುಗಳ ಭಾಷೆ ಬದಲಾಯಿಸಲಾಗದು ಅಂತ ಮಾತ್ರ ಅದರ ಅರ್ಥ. ಕನ್ನಡ ಕೀಬೋರ್ಡ್ ಧಾರಾಳವಾಗಿ ಸೇರಿಸಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದ ಜೊತೆಗೆ, ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ಕೂಡ ಇದೆ. ಅಲ್ಲಿಯವರೆಗೆ ನುಡಿ ಅಥವಾ ಬರಹ ತಂತ್ರಾಂಶ ಹಾಕಿಕೊಂಡರೆ ಸೆಟ್ಟಿಂಗ್ಸ್‌ನ ಹಂಗೇ ಇಲ್ಲ.

ಇನ್ನೊಂದು ದಾರಿಗೆ ಬರೋಣ. ಹೊಸ ಅಕೌಂಟ್‌ನಲ್ಲೂ ಸೆಟ್ಟಿಂಗ್ಸ್ ಹಾಗೇ ಮಿಂಚಿ ಮಾಯವಾಯಿತು. ಹಾಗಾದರೆ ದೋಷ ಯಂತ್ರದ್ದು. ಮೊದಲು ಆ ಕ್ಲೀನರನ್ನು ತೆಗೆಯಿರಿ. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಎ, ಪಿ, ಪಿ, ಡಬ್ಲ್ಯು, ಐ, ಝಡ್, ಚುಕ್ಕಿ, ಸಿ, ಪಿ, ಎಲ್ ಕೊಟ್ಟರೆ ಹಳೆಯ ಪ್ರೋಗ್ರಾಂ ಪಟ್ಟಿ ಬರುತ್ತದೆ, ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ಅಕ್ಕನ ಮಗನ ಮೇಲೆ ಕೋಪ ಬೇಡ. ಇಂಥ ಪ್ರೋಗ್ರಾಂಗಳ ಜಾಹೀರಾತು ಹಾಗೇ ಇರುತ್ತದೆ. ಆದರೆ ವಿಂಡೋಸ್ 10, 11ಕ್ಕೆ ಇವು ಬೇಕಾಗಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇವು ಮಾಡುವ ಇನ್ನೊಂದು ಕಿತಾಪತಿ ಎಂದರೆ ಅನಾವಶ್ಯಕ ಅಂತ ಸರ್ವಿಸ್‌ಗಳನ್ನು, ಅಂದರೆ ತೆರೆಮರೆಯಲ್ಲಿ ಓಡುವ ವಿಂಡೋಸ್‌ನ ಪ್ರೋಗ್ರಾಂಗಳನ್ನು, ನಿಲ್ಲಿಸುವುದು. ಅದರಲ್ಲಿ ನೆಟ್‌ವರ್ಕ್‌ನಿಂದ ಬರುವ ಅನಗತ್ಯ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಸರ್ವಿಸ್ ಮುಖ್ಯ. ಫೈರ್‌ವಾಲ್‌ಗೂ ಸೆಟ್ಟಿಂಗ್ಸ್‌ಗೂ ಏನು ಸಂಬಂಧ ಅನ್ನಿಸಬಹುದು. ಆದರೆ ಹೊಸ ಮಾದರಿಯ ಆ್ಯಪ್‌ಗಳು ಅದನ್ನು ನೆಚ್ಚಿಕೊಂಡಿವೆ. ಆ ಸರ್ವಿಸ್ ನಿಲ್ಲಿಸಿದರೆ ಸ್ಟಾರ್ಟ್ ಮೆನು ಕೆಲಸ ಮಾಡದೆ ಹೋಗಬಹುದು, ಆ್ಯಪ್‌ಗಳು ಇನ್‌ಸ್ಟಾಲ್ ಆಗದಿರಬಹುದು ಅಂತ ಮೈಕ್ರೋಸಾಫ್ಟೇ ಎಚ್ಚರಿಸುತ್ತದೆ. ರನ್ ಪೆಟ್ಟಿಗೆಯಲ್ಲಿ 'ಸರ್ವಿಸಸ್', ಚುಕ್ಕಿ, ಎಂ, ಎಸ್, ಸಿ ಕೊಡಿ. ಪಟ್ಟಿಯಲ್ಲಿ 'ವಿಂಡೋಸ್ ಡಿಫೆಂಡರ್ ಫೈರ್‌ವಾಲ್' ಹುಡುಕಿ. ಎದುರಿಗೆ 'ರನ್ನಿಂಗ್', 'ಆಟೊಮ್ಯಾಟಿಕ್' ಇರಬೇಕು. ಪಟ್ಟಿಯಲ್ಲಿ ಎಷ್ಟೋ ಸರ್ವಿಸ್‌ಗಳು ನಿಂತೇ ಇರುತ್ತವೆ. ಅದು ಸಹಜ, ಬೇಕಾದಾಗ ತಾವೇ ಏಳುತ್ತವೆ. ಎಲ್ಲವನ್ನೂ ಆನ್ ಮಾಡಲು ಹೋಗಬೇಡಿ.

ಆಮೇಲೆ ವಿಂಡೋಸ್ ಫೈಲ್‌ಗಳ ತಪಾಸಣೆ. ಇದಕ್ಕೆ ಎರಡು ಕಮಾಂಡ್, ಎರಡೂ ಅಡ್ಮಿನ್ ಟರ್ಮಿನಲ್‌ನಲ್ಲಿ. ವಿಂಡೋಸ್ ತನ್ನ ಫೈಲ್‌ಗಳ ಅಸಲಿ ಪ್ರತಿಗಳನ್ನು ಒಂದು ಉಗ್ರಾಣದಲ್ಲಿ ಇಟ್ಟುಕೊಂಡಿರುತ್ತದೆ. ಮೊದಲ ಕಮಾಂಡ್ ಆ ಉಗ್ರಾಣವನ್ನೇ ಇಂಟರ್‌ನೆಟ್‌ನಿಂದ ಸರಿಪಡಿಸುತ್ತದೆ. ಎರಡನೆಯದು ಅಲ್ಲಿಂದ ತಂದು ಕೆಟ್ಟ ಫೈಲ್‌ಗಳನ್ನು ಬದಲಿಸುತ್ತದೆ. ಉಗ್ರಾಣವೇ ಕೆಟ್ಟಿರುವಾಗ ಎರಡನೆಯದನ್ನು ಮೊದಲು ಹಾಕಿದರೆ ಪ್ರಯೋಜನವಿಲ್ಲ.

ಮೊದಲನೆಯದು: ಡಿ, ಐ, ಎಸ್, ಎಂ, ಸ್ಪೇಸ್, ಸ್ಲ್ಯಾಶ್ ಹಾಕಿ 'ಆನ್‌ಲೈನ್', ಸ್ಪೇಸ್, ಸ್ಲ್ಯಾಶ್ ಹಾಕಿ 'ಕ್ಲೀನಪ್' ಹೈಫನ್ 'ಇಮೇಜ್', ಸ್ಪೇಸ್, ಸ್ಲ್ಯಾಶ್ ಹಾಕಿ 'ರಿಸ್ಟೋರ್‌ಹೆಲ್ತ್', ಇದು ಒಂದೇ ಪದ. ಸ್ಲ್ಯಾಶ್ ಅಂದರೆ ಪ್ರಶ್ನೆ ಚಿಹ್ನೆ ಇರುವ ಕೀಲಿಯದು. ಇಂಟರ್‌ನೆಟ್ ಇರಬೇಕು. ಶೇಕಡಾ 62ರ ಆಸುಪಾಸು ಬಂದು ಅಲ್ಲೇ ಕೂತುಬಿಡುವುದು ಇದರ ಹಳೆಯ ಚಾಳಿ. ಕೆಟ್ಟುನಿಂತಿದೆ ಅಂದುಕೊಂಡು ಮುಚ್ಚಿದರೆ ಮತ್ತೆ ಮೊದಲಿಂದ. ಹೋಗಿ ಅಡುಗೆ ಮುಗಿಸಿಕೊಂಡು ಬನ್ನಿ.

ಎರಡನೆಯದು: ಎಸ್, ಎಫ್, ಸಿ, ಸ್ಪೇಸ್, ಸ್ಲ್ಯಾಶ್ ಹಾಕಿ 'ಸ್ಕ್ಯಾನ್‌ನೌ', ಕೂಡಿಸಿ. ಕೊನೆಯಲ್ಲಿ ಬರುವ ಸಾಲನ್ನು ಓದಿ. ದೋಷ ಸಿಗಲಿಲ್ಲ ಅಂದರೆ ಫೈಲ್‌ಗಳು ಸರಿ ಇವೆ. ಸಿಕ್ಕಿತು, ಸರಿಪಡಿಸಿದೆ ಅಂದರೆ ರೀಸ್ಟಾರ್ಟ್ ಮಾಡಿ ಸೆಟ್ಟಿಂಗ್ಸ್ ನೋಡಿ. ಸಿಕ್ಕಿತು ಆದರೆ ಕೆಲವನ್ನು ಸರಿಪಡಿಸಲಾಗಲಿಲ್ಲ ಅಂದರೆ ರೀಸ್ಟಾರ್ಟ್ ಮಾಡಿ ಎರಡನ್ನೂ ಇನ್ನೊಮ್ಮೆ ಹಾಕಿ. ಮೂರನೇ ಸಲ ಬೇಡ.

ವಿಂಡೋಸನ್ನು ಹಿಂದಿನ ಒಂದು ತಾರೀಖಿನ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್ ಮೊದಲೇ ಆನ್ ಇದ್ದು, ಕ್ಲೀನರ್ ಹಾಕುವ ಮುಂಚಿನ ತಾರೀಖು ಅದರಲ್ಲಿ ಸಿಕ್ಕಿದರೆ ಅದೂ ಒಳ್ಳೇ ದಾರಿ. ರನ್ ಪೆಟ್ಟಿಗೆಯಲ್ಲಿ ಆರ್, ಎಸ್, ಟಿ, ಆರ್, ಯು, ಐ. ನಿಮ್ಮ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ. ಆ ತಾರೀಖಿನ ಮೇಲೆ ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಫ್ ಇರುತ್ತದೆ, ಪಟ್ಟಿ ಖಾಲಿ ಬಂದರೆ ಆಶ್ಚರ್ಯ ಪಡಬೇಡಿ.

ಇಷ್ಟಕ್ಕೂ ಆಗದಿದ್ದರೆ ಕೊನೆಯ ಮದ್ದು, ಹಳೆಯದರ ಮೇಲೇ ವಿಂಡೋಸನ್ನು ಇನ್ನೊಮ್ಮೆ ಹಾಕುವುದು. ಫೈಲ್‌ಗಳು, ಪ್ರೋಗ್ರಾಂಗಳು ಇದ್ದ ಹಾಗೇ ಇರುತ್ತವೆ, ವಿಂಡೋಸ್ ಮಾತ್ರ ಹೊಸದಾಗುತ್ತದೆ. ಫಾರ್ಮ್ಯಾಟ್‌ನಿಂದ ಸಿಗುವ ಲಾಭವೆಲ್ಲ ಹೆಚ್ಚುಕಡಿಮೆ ಇದರಲ್ಲೂ ಸಿಗುತ್ತದೆ. ಅಂಗಡಿಗೇ ಹೋಗುವುದಾದರೂ 'ಫಾರ್ಮ್ಯಾಟ್ ಬೇಡ, ಇನ್-ಪ್ಲೇಸ್ ಅಪ್‌ಗ್ರೇಡ್ ಮಾಡಿಕೊಡಿ' ಅಂತ ಕೇಳಿ. ಕೆಲಸ ಗೊತ್ತಿರುವವರಿಗೆ ತಕ್ಷಣ ಅರ್ಥವಾಗುತ್ತದೆ.

ಮನೆಯಲ್ಲೇ ಮಾಡುವುದಾದರೆ ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಿಂದಲೇ ವಿಂಡೋಸ್ 11ರ ಐಎಸ್‌ಒ ಫೈಲ್, ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕ್‌ನ ಪ್ರತಿ, ಇಳಿಸಿ. 5 ಜಿಬಿಗಿಂತ ಜಾಸ್ತಿ ಇರುತ್ತದೆ, ಮೊಬೈಲ್ ಡೇಟಾದಲ್ಲಿ ಎಚ್ಚರ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಜನ ಎಡವುವುದು ಭಾಷೆಯ ಆಯ್ಕೆಯಲ್ಲಿ. ಅಲ್ಲಿ 'ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್', 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಅಂತ ಎರಡಿರುತ್ತವೆ. ನಿಮ್ಮಲ್ಲಿ ಇರುವುದಕ್ಕೆ ಹೊಂದದಿದ್ದನ್ನು ಇಳಿಸಿದರೆ ಪ್ರೋಗ್ರಾಂಗಳನ್ನು ಉಳಿಸಿಕೊಳ್ಳುವ ಆಯ್ಕೆ ಮಂಕಾಗಿಬಿಡುತ್ತದೆ. ಯಾವುದಿದೆ ಅಂತ ತಿಳಿಯಲು ಅಡ್ಮಿನ್ ಟರ್ಮಿನಲ್‌ನಲ್ಲಿ ಡಿ, ಐ, ಎಸ್, ಎಂ, ಸ್ಪೇಸ್, ಸ್ಲ್ಯಾಶ್ 'ಆನ್‌ಲೈನ್', ಸ್ಪೇಸ್, ಸ್ಲ್ಯಾಶ್ 'ಗೆಟ್' ಹೈಫನ್ 'ಇಂಟ್ಲ್' ಕೊಡಿ. 'ಇಂಟ್ಲ್' ಅಂದರೆ ಐ, ಎನ್, ಟಿ, ಎಲ್. ಬರುವ ಮೊದಲ ಸಾಲುಗಳಲ್ಲಿ ಸಿಸ್ಟಂ ಭಾಷೆ ಇರುತ್ತದೆ. ಅದರ ಕೊನೆಗೆ ಯುಎಸ್ ಇದ್ದರೆ ಮೊದಲನೆಯದು, ಜಿಬಿ (ಅಂದರೆ ಬ್ರಿಟನ್) ಇದ್ದರೆ ಎರಡನೆಯದು.

ಇಳಿಸಿದ ಫೈಲ್ ಮೇಲೆ ಎರಡು ಸಲ ಒತ್ತಿದರೆ ಡಿವಿಡಿ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ. ಒಳಗಿರುವ 'ಸೆಟಪ್' ಓಡಿಸಿ. ವಿಂಡೋಸ್ ಚಾಲೂ ಇರುವಾಗಲೇ, ನಿಮ್ಮ ಡೆಸ್ಕ್‌ಟಾಪ್‌ನಿಂದಲೇ ಓಡಿಸಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೊರಟರೆ ಉಳಿಸಿಕೊಳ್ಳುವ ಆಯ್ಕೆ ಸಿಗುವುದಿಲ್ಲ. ಕೊನೆಯ ಪುಟದಲ್ಲಿ 'ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್' ಅಂತ ಬರೆದಿರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ 'ಇನ್‌ಸ್ಟಾಲ್' ಒತ್ತಿ. ಆ ಸಾಲು ಇಲ್ಲದಿದ್ದರೆ ಅಲ್ಲೇ ಕ್ಯಾನ್ಸಲ್ ಮಾಡಿ, ಅಲ್ಲಿಯವರೆಗೆ ಏನೂ ಬದಲಾಗಿರುವುದಿಲ್ಲ. ಪ್ರಾಡಕ್ಟ್ ಕೀ ಕೇಳುವುದಿಲ್ಲ. ಚಾರ್ಜರ್ ಮಾತ್ರ ಹಾಕಿಯೇ ಇಡಿ.

ಯಾವ ಕಾರಣಕ್ಕೇ ಆಗಲಿ ಲ್ಯಾಪ್‌ಟಾಪನ್ನು ಬೇರೆಯವರ ಕೈಗೆ ಕೊಡುವ ಸಂದರ್ಭ ಬಂದರೆ ಎರಡು ವಿಷಯ ನೋಡಿಕೊಳ್ಳಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿರುತ್ತದೆ. ರಿಪೇರಿ ನಡುವೆ ಅದು ಆ ಬೀಗ ತೆಗೆಯುವ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನಿನಿಂದ ಲಾಗಿನ್ ಆಗಿ, ಅದು ಅಲ್ಲಿದ್ದರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಇನ್ನೊಂದು, ಕಂಪನಿಯಿಂದ ಬಂದ ವಿಂಡೋಸ್ ತೆಗೆದು 'ಲೈಟ್' ಅನ್ನುವ ಯಾವುದೋ ಕತ್ತರಿಸಿದ ಪ್ರತಿ ಹಾಕುವುದಕ್ಕೆ ಒಪ್ಪಬೇಡಿ. ಅವುಗಳಲ್ಲಿ ಯಾವ್ಯಾವ ಭಾಗ ಕಿತ್ತಿರುತ್ತಾರೋ ಹಾಕಿಕೊಡುವವರಿಗೇ ಗೊತ್ತಿರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ ಸಮೇತ ಬಂದಿದ್ದರೆ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿ ಮತ್ತೆ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಯಾರಿಗೂ ಬೇರೆ ದುಡ್ಡು ಕೊಡಬೇಕಿಲ್ಲ.